ಬಾಡಿಗೆ ಕೋಣೆ ಮತ್ತು ಪೂರ್ತಿ ಹೆಸರು

ಬಾಡಿಗೆಗೆ ಕೋಣೆ ಕೇಳಲು ಹೋದವನು ತನ್ನ ಹೆಸರನ್ನು ಮರೆಮಾಚಬಹುದೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಕರ್ಮಶಾಸ್ತ್ರ ಗ್ರಂಥಗಳಲ್ಲಿ 'ಇಜಾರ'ದ, ಅಂದರೆ ಬಾಡಿಗೆ ವ್ಯವಹಾರದ ಅಧ್ಯಾಯ ವಿಸ್ತಾರವಾಗಿದೆ. ಸವಾರಿಯ ಪ್ರಾಣಿಯನ್ನು ಬಾಡಿಗೆಗೆ ಪಡೆಯುವವನು ಎಷ್ಟು ದೂರಕ್ಕೆ, ಎಷ್ಟು ಭಾರಕ್ಕೆ ಎಂಬುದನ್ನು ಮೊದಲೇ ಗೊತ್ತುಪಡಿಸಬೇಕೆಂಬುದರಿಂದ ಹಿಡಿದು ಅನೇಕ ಸೂಕ್ಷ್ಮ ವಿಷಯಗಳನ್ನು ಪೂರ್ವಿಕ ವಿದ್ವಾಂಸರು ಅಲ್ಲಿ ಚರ್ಚಿಸಿದ್ದಾರೆ. ಆದರೆ ಕೋಣೆ ತೋರಿಸಿ, ಬಾಡಿಗೆ ಹೇಳಿ, ಮುಂಗಡದ ಮಾತನ್ನೂ ಮುಗಿಸಿ, ಹೆಸರು ಕೇಳಿದೊಡನೆ ಬಾಗಿಲು ಹಾಕಿಕೊಳ್ಳುವ ಮನೆಮಾಲಿಕನ ಮುಂದೆ ನಿಂತ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿಗೆ ಆ ಅಧ್ಯಾಯದಿಂದ ಏನು ಉತ್ತರ ಸಿಗುತ್ತದೆ? ನನಗೆ ಈ ಪ್ರಶ್ನೆ ಹಾಕಿದವನು ಅಂತಹ ಒಬ್ಬ ವಿದ್ಯಾರ್ಥಿಯೇ.

ಕರಾವಳಿಯ ನಮ್ಮ ಊರಿನ ಈ ಹುಡುಗ ನನ್ನ ಬಳಿ ಮದ್ರಸ ಕಲಿತವನು. ಬಿ.ಎ. ಮುಗಿಸಿ ಕನ್ನಡ ಎಂ.ಎ.ಗೆಂದು ಮೈಸೂರಿನ ಮಾನಸಗಂಗೋತ್ರಿಗೆ ಸೇರಿದ. ಹಾಸ್ಟೆಲಿನಲ್ಲಿ ಜಾಗವಾಗುವವರೆಗೆ ಹೊರಗೆ ಕೋಣೆ ಹಿಡಿಯಬೇಕಾಯಿತು. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಬೋಗಾದಿ ಎಂದು 'ಬಾಡಿಗೆಗೆ ಇದೆ' ಬೋರ್ಡು ಕಂಡಲ್ಲೆಲ್ಲ ಗೇಟು ತಟ್ಟಿದ. ಒಂದು ಮನೆಯಲ್ಲಿ, ಕನ್ನಡ ಓದುವ ಹುಡುಗನೆಂದು ಯಜಮಾನರಿಗೆ ಬಹಳ ಸಂತೋಷವಾಯಿತಂತೆ. ತಮ್ಮ ಕಾಲದ ಮೇಷ್ಟ್ರುಗಳ ಸುದ್ದಿ ಹೇಳಿದರಂತೆ, ನೀರು ಕೊಟ್ಟರಂತೆ. ಕೊನೆಗೆ, "ಹೆಸರೇನಂದ್ರಿ?" ಇವನು ಹೇಳಿದ. "ಅಯ್ಯೋ, ನೆನ್ನೆ ಸಾಯಂಕಾಲ ಯಾರೋ ಮಾತಾಡ್ಕೊಂಡು ಹೋಗಿದಾರೆ, ನನಗೆ ಮರೆತೇ ಹೋಗಿತ್ತು ನೋಡಿ." ಮುಂದಿನ ಶುಕ್ರವಾರವೂ ಆ ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು.

ಸಹಪಾಠಿಗಳು ಸಲಹೆ ಕೊಟ್ಟರು. ಒಬ್ಬ, ಫೋನಿನಲ್ಲಿ ಬೇರೆ ಹೆಸರು ಹೇಳು ಎಂದ. ಇನ್ನೊಬ್ಬ, ತುಂಬಾ ಪ್ರೀತಿಯವನು, "ಕೋಣೆ ನನ್ನ ಹೆಸರಲ್ಲಿ ಹಿಡಿಯೋಣ, ನೀನು ಬಂದು ಇದ್ದುಬಿಡು" ಎಂದ. ಮೂರನೆಯವನು, "ಸುಮ್ಮನೆ ಉದಯಗಿರಿಗೆ ಹೋಗು, ಅಲ್ಲಿ ನಿಮ್ಮವರೇ ಇದ್ದಾರೆ" ಎಂದ. ಆ ರಾತ್ರಿ ಹುಡುಗ ನನಗೆ ಫೋನು ಮಾಡಿ, "ಉಸ್ತಾದ್, ಹೆಸರು ಬದಲಿಸಿ ಹೇಳಿದರೆ ಗುನಾಹ್ ಆಗುತ್ತದೆಯೇ?" ಎಂದು ಕೇಳಿದ.

ಉತ್ತರಿಸುವ ಮೊದಲು ಒಂದು ಎಳೆಯನ್ನು ಬಿಡಿಸಿಕೊಳ್ಳಬೇಕಾಗಿದೆ. ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಯಿಟ್ಟು ನೋಡಿದಾಗ ಒಳಗಿನ ಕಾಳು ಒದ್ದೆಯಾಗಿತ್ತು. ಜನರಿಗೆ ಕಾಣುವಂತೆ ಒದ್ದೆ ಕಾಳನ್ನು ಮೇಲೆಯೇ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದರು. ವಂಚಿಸುವವನು ತಮ್ಮವನಲ್ಲವೆಂದು ಕಟುವಾಗಿ ನುಡಿದರು. ವ್ಯವಹಾರದಲ್ಲಿ 'ಐಬು' ಮುಚ್ಚಿಡಬಾರದೆಂಬ ನಿಯಮಕ್ಕೆ ಈ ಘಟನೆಯೇ ದೊಡ್ಡ ಆಧಾರ. (ಕನ್ನಡದ 'ಐಬು' ಅರಬಿಯಿಂದ ಬಂದ ಮಾತು. ಹಳ್ಳಿಯ ದನದ ಜಾತ್ರೆಯಲ್ಲಿ ಎತ್ತಿನ ಐಬು ಹುಡುಕುವ ರೈತನಿಗೆ ಅದು ಗೊತ್ತಿರಬೇಕಾಗಿಲ್ಲ.)

ಹಾಗಾದರೆ ಬಾಡಿಗೆಗೆ ಬರುವವನ ಒದ್ದೆ ಕಾಳು ಯಾವುದು? ಕೋಣೆಯಲ್ಲಿ ಎಷ್ಟು ಮಂದಿ ಇರುತ್ತಾರೆ, ಎಷ್ಟು ತಿಂಗಳು ಇರುತ್ತಾರೆ, ಅಡುಗೆ ಮಾಡುವುದುಂಟೇ, ಬಾಡಿಗೆ ತಂದೆ ಕಳುಹಿಸುವರೇ ಅಥವಾ ಎಂದೋ ಬರುವ ವಿದ್ಯಾರ್ಥಿವೇತನವನ್ನು ನಂಬಿಕೊಂಡಿದ್ದಾನೆಯೇ? ಇವು ಕೇಳದಿದ್ದರೂ ಹೇಳಬೇಕಾದ ಸಂಗತಿಗಳು. ಮಾಲಿಕನ ಸಂಪಿನ ನೀರಿಗೆ, ಗೋಡೆಗೆ, ರಾತ್ರಿಯ ನಿದ್ರೆಗೆ ಇವುಗಳ ಸಂಬಂಧವಿದೆ. ಆದರೆ ಒಬ್ಬನು ಯಾವ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ, ಯಾವ ದಿಕ್ಕಿಗೆ ಮುಖಮಾಡಿ ನಮಾಝ್ ಮಾಡುತ್ತಾನೆ ಎಂಬುದು ಐಬಲ್ಲ. ಅದನ್ನು ಐಬೆಂದು ಭಾವಿಸಿ ಮೊದಲೇ ತೋಡಿಕೊಳ್ಳುವ ಬಾಧ್ಯತೆ ಯಾವ ವಿದ್ಯಾರ್ಥಿಗೂ ಇಲ್ಲ. ಕೋಣೆ ಖಾಲಿ ಇದೆಯೇ ಎಂದು ಕೇಳುವ ಫೋನಿನಲ್ಲಿ "ನಾನು ಮುಸ್ಲಿಮ್, ಪರವಾಗಿಲ್ಲವೇ?" ಎಂದು ಆರಂಭಿಸುವ ಹುಡುಗರನ್ನು ನಾನು ಬಲ್ಲೆ. ಎರಡು ಬಸ್ಸಿನ ಖರ್ಚು ಉಳಿಸಲು ಹಾಗೆ ಕೇಳುತ್ತಾರೆ, ಪಾಪ. ಆದರೆ ಅದು ಸತ್ಯಸಂಧತೆಯಲ್ಲ. ಇತರರ ತಪ್ಪನ್ನು ನಮ್ಮ ಐಬೆಂದು ನಾವೇ ಒಪ್ಪಿಕೊಂಡಂತಾಯಿತು.

ಸುಮ್ಮನಿರುವುದು ಒಂದು, ಸುಳ್ಳು ಹೇಳುವುದು ಇನ್ನೊಂದು. ಗೆಳೆಯನ ಹೆಸರಿನಲ್ಲಿ ಕೋಣೆ ಹಿಡಿದು ತಾನು ನುಸುಳಿಕೊಳ್ಳುವ ಉಪಾಯದಲ್ಲಿ ಧರ್ಮದ ಪ್ರಶ್ನೆಗಿಂತ ತಲೆಗಳ ಲೆಕ್ಕದ ಪ್ರಶ್ನೆಯಿದೆ: ಒಬ್ಬನೆಂದು ಹೇಳಿ ಇಬ್ಬರಿರುವುದು ಒದ್ದೆ ಕಾಳೇ ಸರಿ. ನಾಳೆ ಏನಾದರೂ ಒಡೆದರೆ, ಕೆಟ್ಟರೆ ಕರಾರಿಗೆ ಸಹಿ ಹಾಕಿದ ಆ ಒಳ್ಳೆಯ ಹುಡುಗನ ತಲೆಗೆ ಬರುತ್ತದೆ.

ನೇರವಾಗಿ ಹೆಸರು ಕೇಳಿದಾಗ? ಕೆಲವರು 'ಝರೂರತ್'ನ ನಿಯಮವನ್ನು ಮುಂದಿಡುತ್ತಾರೆ. ನಿರ್ವಾಹವಿಲ್ಲದಾಗ ನಿಷಿದ್ಧವೂ ಸಮ್ಮತವಲ್ಲವೇ ಎನ್ನುತ್ತಾರೆ. ನಿಯಮ ನಿಜ. ಅದಕ್ಕೆ ಅಷ್ಟೇ ನಿಜವಾದ ಬಾಲವೊಂದಿದೆ: ಅಗತ್ಯದ ಅಳತೆಯಷ್ಟು ಮಾತ್ರ. ನಮ್ಮ ಹುಡುಗನಿಗೆ ಉದಯಗಿರಿಯ ಸಂಬಂಧಿಕರ ಮನೆಯ ಹಜಾರ ಇತ್ತು. ಅದು ಊರಿನ ಆ ತುದಿ, ಮಾನಸಗಂಗೋತ್ರಿ ಈ ತುದಿ. ದಿನಾ ಎರಡೆರಡು ಬಸ್ಸು. ಕಷ್ಟವೆನ್ನಬಹುದು, ನಿರುಪಾಯವೆನ್ನಲಾಗದು. "ಬೇರೆ ಹೆಸರು ಹೇಳಬೇಡ" ಎಂದೆ.

ಅದಕ್ಕೆ ಪಾಪದ ಭಯವೊಂದೇ ಕಾರಣವಾಗಿರಲಿಲ್ಲ. ಕುರ್‌ಆನ್ ಮನೆಯನ್ನು 'ಸಕನ್' ಎಂದು ಕರೆದಿದೆ. ಆ ಪದದ ಮೂಲಧಾತುವಿನಲ್ಲೇ ಅಲುಗದೆ ನೆಲೆಗೊಳ್ಳುವ, ಶಾಂತವಾಗುವ ಅರ್ಥವಿದೆ. ಸುಳ್ಳು ಹೆಸರಿನಲ್ಲಿ ಹಿಡಿದ ಕೋಣೆಯಲ್ಲಿ ಯಾವ ಶಾಂತಿ? ಬೀದಿಯಲ್ಲಿ ಯಾರಾದರೂ ನಿಜ ಹೆಸರು ಹಿಡಿದು ಕೂಗಿದರೆ ಎದೆ ಧಸಕ್ಕೆನ್ನಬೇಕು. ಉಮ್ಮ ಫೋನು ಮಾಡಿದರೆ ಬ್ಯಾರಿ ಮಾತು ಗೋಡೆಗೆ ಕೇಳದಂತೆ ಪಿಸುಗುಟ್ಟಬೇಕು. ಸುಬ್‌ಹ್ ನಮಾಝಿಗೆ ಕಳ್ಳನಂತೆ ಏಳಬೇಕು. ಅದು ಹೋಗಲಿ, ಈಗಿನ ಮಾಲಿಕರು ಮುಂಗಡಕ್ಕಿಂತ ಮೊದಲು ಆಧಾರ್ ಕಾರ್ಡಿನ ನಕಲು ಕೇಳುತ್ತಾರೆ. ಸುಳ್ಳಿನ ಆಯುಷ್ಯ ಅಷ್ಟರವರೆಗೆ ಮಾತ್ರ.

ಆದರೆ ನಿಜವಾಗಿ ನಿರುಪಾಯನಾದವನ ಪಾಡೇನು? ಇಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ನೆನಪಾಗುತ್ತಾರೆ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದ ಅವರಿಗೆ ಅಲ್ಲಿ ವಸತಿಗೆ ತೊಡಕಾಗಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ವಿದ್ಯಾರ್ಥಿಯ ಜೊತೆಗಿದ್ದರು, ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿದ್ದರು. ಅದೇ ಅಂಬೇಡ್ಕರ್ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದಾಗ ಅವರಿಗೆ ಮನೆ ಕೊಡುವವರಿರಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ, ಅದನ್ನು ನೋಡಿಕೊಳ್ಳುವವನ ಒಪ್ಪಿಗೆಯಿಂದಲೇ, ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ವಿದ್ಯುದ್ದೀಪವಿಲ್ಲದ, ಬಾವಲಿಗಳು ಹಾರಾಡುವ ಮಹಡಿ ಅದು. ಹನ್ನೊಂದನೆಯ ದಿನ ಹನ್ನೆರಡು ಮಂದಿ ಪಾರ್ಸಿಗಳು ಕೋಲು ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದು ಗದರಿಸಿದರು. ಒಬ್ಬ ಹಿಂದೂ ಸ್ನೇಹಿತನನ್ನೂ ಒಬ್ಬ ಕ್ರೈಸ್ತ ಸ್ನೇಹಿತನನ್ನೂ ಆಶ್ರಯ ಕೇಳಿದರು. ಇಬ್ಬರೂ ಏನೇನೋ ನೆವ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಹೊತ್ತು ಕಳೆದು, ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹೊರಟುಹೋದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಬರಹದಲ್ಲಿ ಇದನ್ನೆಲ್ಲ ಅವರೇ ದಾಖಲಿಸಿದ್ದಾರೆ.

ಆ ವಸತಿಗೃಹದ ಪುಸ್ತಕದಲ್ಲಿದ್ದ ಹೆಸರು ಸುಳ್ಳೇ. ಆದರೆ ಆ ಸುಳ್ಳಿನ ಭಾರವನ್ನು ಮರಣೋತ್ತರ ತಕ್ಕಡಿಯಲ್ಲಿ ಅದನ್ನು ಹೇಳಿದವರ ತಟ್ಟೆಗೆ ಹಾಕಲು ನನ್ನ ಕೈ ಬರುವುದಿಲ್ಲ. ಇಡೀ ಊರು ಸೇರಿ ಒಬ್ಬನಿಗೆ ಸತ್ಯ ಹೇಳುವ ಜಾಗವನ್ನೇ ಉಳಿಸದಿದ್ದಾಗ ಆ ಸುಳ್ಳಿನಲ್ಲಿ ಊರಿಗೂ ಪಾಲಿದೆ. ಒಂಟಿಯಾಗಿ ಪರ ಊರಿಗೆ ಓದಲು ಹೋದ ಹೆಣ್ಣುಮಗಳೊಬ್ಬಳು ಕತ್ತಲಾಗುವುದರೊಳಗೆ ಸುರಕ್ಷಿತ ಸೂರು ಹುಡುಕಬೇಕಾಗಿ ಬಂದು ಇದೇ ಪ್ರಶ್ನೆ ಕೇಳಿದರೆ, ಆ ಹುಡುಗನಿಗೆ ಹೇಳಿದಷ್ಟು ಸಲೀಸಾಗಿ ಅವಳಿಗೆ ನಾನು ಉತ್ತರ ಹೇಳಲಾರೆ.

ಇನ್ನು ಮನೆಮಾಲಿಕನ ಮಾತು. ಮನೆ ಅವನದು, ಕೊಡುವುದೂ ಬಿಡುವುದೂ ಅವನ ಇಷ್ಟ ಎಂದು ಹಲವರು ತಿಳಿದಿದ್ದಾರೆ. ಕಾನೂನೂ ಹೆಚ್ಚುಕಡಿಮೆ ಹಾಗೆಯೇ ನಿಂತಿದೆ. ಸಂವಿಧಾನದ 15ನೇ ವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಧರ್ಮ ಜಾತಿಗಳ ಕಾರಣದಿಂದ ತಡೆಯಬಾರದೆನ್ನುತ್ತದೆ. ಖಾಸಗಿ ಬಾಡಿಗೆ ಮನೆಯನ್ನು ಅಲ್ಲಿ ಹೆಸರಿಸಿಲ್ಲ. ಅಹಮದಾಬಾದಿನ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂದು ಮಾಡಿಕೊಂಡ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದೆಂದಿದೆ. ಇಂತಹ ಕಾನೂನು ಹೆಚ್ಚೆಂದರೆ ಹಣವನ್ನು ಅಳೆಯಬಲ್ಲದು, "ಮರೆತೇ ಹೋಗಿತ್ತು ನೋಡಿ" ಎನ್ನುವ ನಾಲಗೆಯನ್ನು ಅಳೆಯಲಾರದು.

ಮಾಲಿಕನಿಗೆ ಷರತ್ತು ಹಾಕುವ ಹಕ್ಕು ಖಂಡಿತ ಇದೆ. ನಡತೆಯ ಬಗ್ಗೆ ಷರತ್ತು ಹಾಕಬಹುದು, ಹುಟ್ಟಿನ ಬಗ್ಗೆ ಹಾಕುವುದು ಅನ್ಯಾಯ. ನಮ್ಮ ಹುಡುಗನಿಗೆ ಕೊನೆಗೆ ಕೋಣೆ ಕೊಟ್ಟವರು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು. ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ "ಮನೇಲಿ ಮೀನು ಮಾಂಸ ಮಾಡೋ ಹಾಗಿಲ್ಲಪ್ಪ, ನನಗೆ ವಾಸನೆ ಆಗಲ್ಲ" ಎಂದರು. ಇವನು ಒಪ್ಪಿದ. ಕರಾವಳಿಯವನಿಗೆ ಮೀನಿಲ್ಲದ ತಿಂಗಳು ಎಂತಹದೆಂದು ಒಳನಾಡಿನ ಓದುಗರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. "ಅಜ್ಜಿ ಒಂಬತ್ತಕ್ಕೆ ಮಲಗುತ್ತಾರೆ, ಆಮೇಲೆ ಒಂದು ಒಣಮೀನು ಸುಟ್ಟರೆ ಯಾರಿಗೆ ಗೊತ್ತಾಗುತ್ತದೆ?" ಎಂದು ಜೊತೆಗಾರನೊಬ್ಬ ಹೇಳಿದನಂತೆ. ಸತ್ಯವಿಶ್ವಾಸಿಯು ತಾನು ಒಪ್ಪಿದ ಷರತ್ತಿಗೆ ಬದ್ಧನೆಂಬುದು ಪ್ರವಾದಿ(ಸ) ಕಲಿಸಿದ ಪಾಠ. ಆ ಪಾಠಕ್ಕೆ ಒಂಬತ್ತು ಗಂಟೆಯ ನಂತರ ರಜೆಯಿಲ್ಲ. ಅವನು ಭಾನುವಾರ ಉದಯಗಿರಿಗೆ ಹೋಗಿ ಮೀನು ಉಂಡು ಬರುತ್ತಾನೆ.

ಮದೀನಾಕ್ಕೆ ಹಿಜ್ರತ್ ಬಂದ ಪ್ರವಾದಿವರ್ಯರೂ(ಸ) ಪರ ಊರಿನಲ್ಲಿ ಮನೆಯಿಲ್ಲದವರಾಗಿಯೇ ಬಂದಿಳಿದರು ಎಂಬುದನ್ನು ನಾವು ಮೌಲಿದ್ ಸಭೆಗಳಲ್ಲಿ ಕೇಳುತ್ತೇವೆ, ಆದರೆ ಬಾಡಿಗೆಯ ಮಾತು ಬಂದಾಗ ನೆನೆಯುವುದಿಲ್ಲ. ಹ. ಅಬೂ ಅಯ್ಯೂಬ್ ಅನ್ಸಾರಿ(ರ) ಅವರು ತಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಪ್ರವಾದಿಯವರನ್ನು(ಸ) ಇರಿಸಿಕೊಂಡು, ತಾವು ಪತ್ನಿಯೊಂದಿಗೆ ಮೇಲಿದ್ದರು. ಒಂದು ರಾತ್ರಿ ಮೇಲೆ ನೀರಿನ ಮಡಕೆ ಒಡೆಯಿತು. ನೀರು ಕೆಳಗೆ ಸೋರಿ ಅತಿಥಿಗೆ ತೊಂದರೆಯಾದೀತೆಂದು ದಂಪತಿಗಳು ತಮಗಿದ್ದ ಒಂದೇ ಹೊದಿಕೆಯಿಂದ ಅದನ್ನು ಒರೆಸಿ ತೆಗೆದರು. ಅತ್ತ ಮಸೀದಿಗಾಗಿ ಗೊತ್ತುಮಾಡಿದ ಜಾಗವು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಉಚಿತವಾಗಿ ಕೊಡುತ್ತೇವೆಂದರೂ ಬೆಲೆ ಕೊಡದೆ ಪ್ರವಾದಿ(ಸ) ಅದನ್ನು ಪಡೆಯಲಿಲ್ಲ. ಮನೆಯಿದ್ದವನು ತನ್ನ ಹೊದಿಕೆ ಒದ್ದೆಮಾಡಿಕೊಂಡ, ಮನೆಯಿಲ್ಲದೆ ಬಂದವರು ಅನಾಥರ ಹಕ್ಕನ್ನು ಒಂದು ಕಾಸಿನಷ್ಟೂ ಉಳಿಸಿಕೊಳ್ಳಲಿಲ್ಲ.

ನಮಗೆ ಬಾಗಿಲು ಮುಚ್ಚಿದವರ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಮಾತಾಡಲೂಬೇಕು. ಆದರೆ ನಮ್ಮ ಮೊಹಲ್ಲಾಗಳ 'ಬಾಡಿಗೆಗೆ ಇದೆ' ಬೋರ್ಡುಗಳ ಹಿಂದಿನ ಮಾತೇನು? "ನಮ್ಮವರಿಗೆ ಮಾತ್ರ", "ಸಂಸಾರಸ್ಥರಿಗೆ ಮಾತ್ರ". ಕಲಬುರಗಿಯಿಂದಲೋ ರಾಯಚೂರಿನಿಂದಲೋ ಓದಲು ಬಂದ ದಲಿತ ಹುಡುಗ ಕೇಳಿದರೆ ನಮಗೂ ನಿನ್ನೆ ಸಂಜೆ ಯಾರೋ ಮಾತಾಡಿಕೊಂಡು ಹೋದದ್ದು ನೆನಪಾಗುವುದಿಲ್ಲವೇ? ಅಂಬೇಡ್ಕರರ ಅದೇ ಬರಹದಲ್ಲಿ 1934ರ ಇನ್ನೊಂದು ಘಟನೆಯಿದೆ. ದೌಲತಾಬಾದ್ ಕೋಟೆಯ ಬಾಗಿಲ ಬಳಿಯ ಕೊಳದಲ್ಲಿ ಅವರ ಸಂಗಡಿಗರು ಮುಖ ತೊಳೆದುದಕ್ಕೆ, ನೀರು ಮೈಲಿಗೆಯಾಯಿತೆಂದು ಕೂಗುತ್ತಾ ಓಡಿಬಂದವನು ಒಬ್ಬ ಮುದಿ ಮುಸ್ಲಿಮ್. ರಮಝಾನಿನ ದಿನಗಳವು. ಬರೋಡಾದ ಕತೆಯನ್ನು ವೇದಿಕೆಯಲ್ಲಿ ಹೇಳುವ ನಮ್ಮ ಭಾಷಣಕಾರರು ದೌಲತಾಬಾದಿನದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಮ್ಮ ಊರಿನಿಂದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಜಮಾಅತ್ ಕಟ್ಟಡದಲ್ಲಿ ಅಂಗಡಿಗಳ ಮೇಲೆ ಎರಡು ಕೋಣೆಗಳು ಖಾಲಿ ಇವೆ. ಸದ್ಯಕ್ಕೆ ಹಳೆಯ ಚಾಪೆಗಳನ್ನೂ ಮುರಿದ ಬೆಂಚುಗಳನ್ನೂ ಪೇರಿಸಿಟ್ಟಿದ್ದಾರೆ. ದೂರದಿಂದ ಬರುವ ವಿದ್ಯಾರ್ಥಿಗಳಿಗೆ ಅವನ್ನು ಬಾಡಿಗೆಗೆ ಕೊಡಬಾರದೇಕೆ ಎಂದು ಕಳೆದ ಸಭೆಯಲ್ಲಿ ಕೇಳಿದೆ. ಬಾಡಿಗೆ ಎಷ್ಟು, ನೀರಿನ ಪಂಪಿನ ಖರ್ಚು ಯಾರದು ಎಂಬುದೆಲ್ಲ ಬೇಗನೆ ತೀರ್ಮಾನವಾಯಿತು. ಆಗ ಹಿರಿಯರೊಬ್ಬರು, "ಉಸ್ತಾದರೇ, ಅರ್ಜಿಯಲ್ಲಿ ಹೆಸರಿನ ಪಕ್ಕದಲ್ಲಿ ಜಾತಿ ಧರ್ಮದ ಕಾಲಂ ಬೇಕೋ ಬೇಡವೋ?" ಎಂದು ಕೇಳಿದರು. ಬೇಡವೆಂದೆ. ಕೆಲವರು ಬೇಕೆಂದರು. ಮುಂದಿನ ಸಭೆ ಬರುವ ಶುಕ್ರವಾರ ಜುಮಾದ ಬಳಿಕ ಇದೆ.