ಬರೆಯುವವನ ವಾಯಿದೆ

ಸಾಲಕ್ಕೆ ವಾಯಿದೆ ಉಂಟು, ತೆರಿಗೆಗೆ ವಾಯಿದೆ ಉಂಟು. ಬರವಣಿಗೆಗೂ ವಾಯಿದೆ ಉಂಟೆಂಬುದು, ಪತ್ರಿಕೆಗೆ ಒಪ್ಪಿಕೊಂಡು ಬರೆದವರಿಗಲ್ಲದೆ ಉಳಿದವರಿಗೆ ಅಷ್ಟಾಗಿ ತಿಳಿಯದು. ‘ಮುಂದಿನ ತಿಂಗಳು ಇದರ ಉಳಿದ ಭಾಗ’ ಎಂದು ಲೇಖನದ ಅಡಿಯಲ್ಲಿ ಒಂದು ಸಾಲು ಅಚ್ಚಾಯಿತೆಂದರೆ ಅದೊಂದು ವಚನ. ಅದಕ್ಕೆ ಸಾಕ್ಷಿಯಿಲ್ಲ, ಮುಚ್ಚಳಿಕೆಯಿಲ್ಲ, ತಪ್ಪಿದರೆ ದಂಡವೂ ಇಲ್ಲ. ಆದುದರಿಂದಲೇ ಅದು ನೀತಿಯ ಪ್ರಶ್ನೆಯಾಗುತ್ತದೆ. ದಂಡವಿರುವಲ್ಲಿ ನೀತಿಗೆ ಅಷ್ಟು ಕೆಲಸವಿಲ್ಲ.

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವರು ಬೆಳ್ತಂಗಡಿ ತಾಲೂಕಿನ ಒಬ್ಬ ಅಡಿಕೆ ಕೃಷಿಕರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಕೆಟ್ಟ ಪಂಪನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲರು. ಮದ್ದು ಬಿಡುವ ಯಂತ್ರದ ಒಳಹೊರಗನ್ನು ಬಲ್ಲರು. ತಮ್ಮ ತೋಟದಲ್ಲಿ ಮಾಡಿ ನೋಡಿದ್ದನ್ನು ಒಂದು ಸಣ್ಣ ಮಾಸಪತ್ರಿಕೆಗೆ ಬರೆಯಲು ಒಪ್ಪಿಕೊಂಡರು. ಮೊದಲ ವರ್ಷ ಹನ್ನೆರಡು ಲೇಖನಗಳು ಹನ್ನೆರಡು ತಿಂಗಳಲ್ಲಿ ಬಂದುವು. ಎರಡನೆಯ ವರ್ಷ ಒಂದು ತಿಂಗಳು ತಪ್ಪಿತು, ಅನಂತರ ಮತ್ತೆರಡು. ಬರೆಯಬೇಕೆಂದಿದ್ದ ವಿಷಯವನ್ನು ಎರಡು ಸಾಲು ಮರಗಳಲ್ಲಿ ಪ್ರಯೋಗಿಸಿದ್ದರು. ಅದರ ಫಲ ನಿಶ್ಚಯವಾಗಲು ಇನ್ನೊಂದು ಮಳೆಗಾಲ ಕಳೆಯಬೇಕು. ಪತ್ರಿಕೆಯವರು ಮಾತ್ರ, ಹಳೆಯದನ್ನೇ ಸ್ವಲ್ಪ ತಿರುವಿ ಬರೆದರಾಯಿತು, ಪುಟ ತುಂಬಿದರೆ ಸಾಕು ಎಂದರಂತೆ.

“ಬರೆದರೆ ಸುಳ್ಳಾದೀತು ಮಾಷ್ಟ್ರೇ, ಬರೆಯದಿದ್ದರೆ ಮಾತು ತಪ್ಪಿದ ಹಾಗೆ. ಇದರಲ್ಲಿ ಯಾವುದು ಹೆಚ್ಚಿನ ತಪ್ಪು, ನೀವು ಹೇಳಬೇಕು” ಎಂದು ಅವರು ಕೇಳಿದರು.

ಸಾಹಿತ್ಯದ ಮೇಷ್ಟ್ರ ಬಾಯಲ್ಲಿ ಇದಕ್ಕೆ ಸಿದ್ಧವಾದ ಒಂದು ಉತ್ತರ ಇದ್ದೇ ಇರುತ್ತದೆ: ಸ್ಫೂರ್ತಿ ಬಂದಾಗ ಬರೆಯಿರಿ, ಬಾರದಾಗ ಸುಮ್ಮನಿರಿ. ಮೂಡುಬಿದಿರೆಯ ರತ್ನಾಕರವರ್ಣಿ ‘ಭರತೇಶ ವೈಭವ’ದ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳನ್ನು ಬರೆದಾಗ, ಮುಂದಿನ ಸಂಧಿ ಯಾವ ವಾರ ಬರುವುದೆಂದು ಅವನನ್ನು ಕೇಳಿದ ಓದುಗನಿರಲಿಲ್ಲ. ತಾಳೆಗರಿಯ ಕಾಲದಲ್ಲಿ ಗ್ರಂಥಕ್ಕೂ ಪಂಚಾಂಗಕ್ಕೂ ಅಂಥ ಕರಾರು ಇರಲಿಲ್ಲ. ೧೮೪೩ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಪಕ್ಷಕ್ಕೊಮ್ಮೆ ಅಚ್ಚು ಹಾಕತೊಡಗಿದಂದಿನಿಂದ ಕನ್ನಡದ ಬರಹಗಾರನಿಗೆ ತಾರೀಖೆಂಬ ಹೊಸ ಯಜಮಾನನೊಬ್ಬ ದೊರೆತನೆಂದು ಹೇಳಬಹುದು. ಆ ಪತ್ರಿಕೆಯೇ ಒಂದು ವರ್ಷ ತುಂಬುವ ಮೊದಲೇ ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು. ಇಲ್ಲಿನವರ ಪಾಲಿಗೆ ವಾಯಿದೆಯ ಸಂಕಟವೂ ಪತ್ರಿಕೆಯಷ್ಟೇ ಹಳೆಯದು.

ಆದರೆ ಸ್ಫೂರ್ತಿಯ ಆ ಉತ್ತರ ನನ್ನ ಮಿತ್ರರಿಗೆ ಸಲ್ಲುವುದಿಲ್ಲ. ಏಕೆ ಸಲ್ಲದೆಂಬುದನ್ನು ಅಡಿಕೆಯ ಕೊಳೆರೋಗದಿಂದಲೇ ತಿಳಿಯಬಹುದು. ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವ ಈ ರೋಗವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದಿಂದ ತಡೆಯಬಹುದೆಂದು ತೋರಿಸಿದರು. ಮೊದಲನೆಯ ಸಲ ಮದ್ದು ಬಿಡಬೇಕಾದುದು ಮುಂಗಾರು ಹಿಡಿಯುವ ಮೊದಲು. ಎರಡನೆಯದು ಅಲ್ಲಿಂದ ೪೦–೪೫ ದಿನಗಳ ಮೇಲೆ. ಈ ವಿಷಯದ ಲೇಖನ ಮೇ ತಿಂಗಳಲ್ಲಿ ಬಂದರೆ ಒಂದು ತೋಟ ಉಳಿದೀತು. ಅದೇ ಲೇಖನ ಅದಕ್ಕಿಂತ ಚೆಲುವಾದ ಭಾಷೆಯಲ್ಲಿ ಆಗಸ್ಟಿನಲ್ಲಿ ಬಂದರೆ ಉದುರಿದ ಕಾಯಿಗಳ ಮೇಲೆ ಓದಿದ ಚರಮಶ್ಲೋಕವಾದೀತು. ಕವಿತೆಗೆ ತಾರೀಖು ಹೊರಗಿನದು. ಇಂಥ ಬರಹಕ್ಕೆ ತಾರೀಖು ಅದರ ಸತ್ಯದ ಒಂದು ಭಾಗ.

ಹಾಗೆಂದು ತಾರೀಖೇ ಸರ್ವಸ್ವವೆನ್ನೋಣವೆ? ಆ ದ್ರಾವಣವನ್ನೇ ಮತ್ತೆ ನೋಡೋಣ. ಒಂದು ಕಿಲೋ ಮೈಲುತುತ್ತು ೫೦ ಲೀಟರು ನೀರಿನಲ್ಲಿ, ಒಂದು ಕಿಲೋ ಸುಣ್ಣ ಬೇರೊಂದು ೫೦ ಲೀಟರಿನಲ್ಲಿ ಕರಗಬೇಕು; ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಹದ ಸರಿಯಾಯಿತೆ ಎಂದು ತಿಳಿಯಲು ಹೊಳೆಯುವ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು. ಇದರಲ್ಲಿ ಒಂದು ಅಂಕಿ ತಪ್ಪಿ ಅಚ್ಚಾದರೆ, ಓದಿದವನು ಮುಗುಳ್ನಕ್ಕು ಹಾಳೆ ಮಗುಚುವುದಿಲ್ಲ. ಅದನ್ನು ನಂಬಿ ಆಳು ಕರೆದು ಮರ ಹತ್ತಿಸುತ್ತಾನೆ. ಸಕಾಲವೂ ಸತ್ಯವೂ ಒಬ್ಬನೇ ಓದುಗನಿಗೆ ಸಲ್ಲಬೇಕಾದ ಎರಡು ಋಣಗಳು. ಒಂದನ್ನು ಮುರಿದು ಇನ್ನೊಂದನ್ನು ತೀರಿಸುವಂತಿಲ್ಲ.

ಇಂಥ ತೊಡಕು ನಮ್ಮ ಹಿರಿಯರಿಗೆ ಹೊಸದಲ್ಲ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ಎಣಿಸಿದರು. ಕಾಲ ಬಂದೊಡನೆ ಮಾಡಲೇಬೇಕಾದುದು ನಿತ್ಯ. ಮಾಡಿದ್ದರಿಂದ ವಿಶೇಷ ಫಲವೇನೂ ಇಲ್ಲದಿದ್ದರೂ ಬಿಟ್ಟರೆ ದೋಷವುಂಟು. ಗ್ರಹಣದಂಥ ಸಂದರ್ಭ ಒದಗಿದಾಗ ಮಾಡುವುದು ನೈಮಿತ್ತಿಕ. ಫಲವನ್ನು ಬಯಸಿ ಕೈಕೊಳ್ಳುವುದು ಕಾಮ್ಯ. ಅವರು ಹೇಳಿದ್ದು ಯಜ್ಞಯಾಗಾದಿಗಳ ವಿಷಯ. ಆದರೆ ಈ ವಿಭಾಗವನ್ನು ಬರವಣಿಗೆಗೆ ಹಚ್ಚಿ ನೋಡಿದರೆ ನನ್ನ ಮಿತ್ರರ ಗಂಟು ಸ್ವಲ್ಪ ಸಡಿಲವಾಗುತ್ತದೆ.

ಮೇ ತಿಂಗಳಲ್ಲಿ ಬೋರ್ಡೋ ದ್ರಾವಣದ ಪ್ರಮಾಣವನ್ನು ನೆನಪಿಸುವುದು ನಿತ್ಯ. ಅದರಲ್ಲಿ ಹೊಸತೇನೂ ಇಲ್ಲ, ಬರೆದವನಿಗೆ ಕೀರ್ತಿಯೂ ಇಲ್ಲ. ಕಂಡರಿಯದ ಕೀಟವೊಂದು ತೋಟಕ್ಕೆ ಬಿತ್ತೆಂದರೆ ಬರೆಯುವುದು ನೈಮಿತ್ತಿಕ. ತಾನೇ ಕಂಡುಹಿಡಿದ ಹೊಸ ಉಪಾಯವನ್ನು ಜಗತ್ತಿಗೆ ತಿಳಿಸುವುದು ಕಾಮ್ಯ. ಅದರಲ್ಲಿ ಲೋಕೋಪಕಾರವಿದ್ದರೂ ಹೆಸರಿನ ಆಸೆಯೂ ಬೆರೆತಿರುತ್ತದೆ, ಬೆರೆತರೆ ತಪ್ಪೇನೂ ಅಲ್ಲ. ವಾಯಿದೆಗೆ ಒಪ್ಪಿಕೊಂಡು ಬಳಲುವವರಲ್ಲಿ ಬಹುಮಂದಿ ಪ್ರತಿ ತಿಂಗಳ ಲೇಖನವೂ ಕಾಮ್ಯವೇ ಆಗಲೆಂದು ಹಂಬಲಿಸುತ್ತಾರೆ. ಕಳೆದ ವರ್ಷ ಹೇಳಿದ್ದನ್ನು ಮತ್ತೆ ಹೇಳಲು ನಾಚುತ್ತಾರೆ. ಆದರೆ ಸಂಜೆ ದೀಪ ಹಚ್ಚುವ ಗೃಹಿಣಿ ನಿನ್ನೆಯೂ ಹಚ್ಚಿದ್ದೆನೆಂದು ನಾಚಿದ್ದುಂಟೆ?

‘ಹಾಗಾದರೆ ಹಳೆಯದನ್ನು ತಿರುವಿ ಬರೆಯಿರಿ ಎಂದ ಪತ್ರಿಕೆಯವರ ಮಾತೇ ಸರಿಯಾಯಿತಲ್ಲ?’ ಎಂದು ಓದುಗರು ಕೇಳಬಹುದು. ಇಲ್ಲ. ಪುನರುಕ್ತಿ ಬೇರೆ, ಪುಟ ತುಂಬುವುದು ಬೇರೆ. ಹೊಸದಾಗಿ ತೋಟಕ್ಕಿಳಿದ ಹುಡುಗನಿಗೆ ಈ ವರ್ಷವೂ ಬೇಕಾದುದರಿಂದ, ಅಂಕಿಗಳನ್ನು ಮತ್ತೊಮ್ಮೆ ಒರೆಗೆ ಹಚ್ಚಿ ಹೇಳಿದರೆ ಅದು ಪುನರುಕ್ತಿ. ಕಾಗದ ಖಾಲಿ ಉಳಿಯಿತೆಂದು ಹೇಳಿದರೆ ಅದು ಭರ್ತಿ. ಎರಡರ ಶಬ್ದಗಳೂ ಒಂದೇ ಇರಬಹುದು. ಒಂದು ಓದುಗನ ಅಗತ್ಯಕ್ಕೆ ಹುಟ್ಟಿದ್ದು, ಇನ್ನೊಂದು ಪುಟದ ಅಗತ್ಯಕ್ಕೆ.

ಇನ್ನು, ತಾರೀಖಿಗೆ ಕಟ್ಟುಬೀಳಲೇಬಾರದ ಕೆಲಸವೂ ಉಂಟು. ಮೂಡುಬಿದಿರೆಯಲ್ಲಿ ಶತಮಾನಗಳಿಂದ ರಕ್ಷಿತವಾಗಿದ್ದ ‘ಧವಲಾ’ ಟೀಕೆಯ ತಾಳೆಗರಿಗಳನ್ನು ಪ್ರತಿ ಮಾಡುವ ಕೆಲಸ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರಂಭವಾಗಿ ದಶಕಗಳ ಕಾಲ ನಡೆಯಿತು. ಅಚ್ಚಿನಲ್ಲಿ ಮೊದಲ ಸಂಪುಟ ಹೊರಬಂದುದು ೧೯೩೯ರಲ್ಲಿ. ಒಟ್ಟು ೧೬ ಸಂಪುಟಗಳಾದುವು. ಕರ್ಮಸಿದ್ಧಾಂತದ ಜತೆಗೆ ಗಣಿತದ ಸೂಕ್ಷ್ಮಗಳೂ ತುಂಬಿರುವ ಆ ಗ್ರಂಥವನ್ನು ತಿಂಗಳಿಗಿಷ್ಟು ಗರಿ ಎಂದು ಅವಸರಪಡಿಸಿದ್ದರೆ ತಪ್ಪುಗಳು ನೂರಾರು ವರ್ಷ ಉಳಿಯುತ್ತಿದ್ದುವು. ನಿಧಾನವೇ ಅಲ್ಲಿ ಪ್ರಾಮಾಣಿಕತೆ.

ವಾಯಿದೆಯ ಭಾರವನ್ನು ನಮ್ಮವರು ಹೊತ್ತ ಬಗೆಗಳನ್ನೂ ಗಮನಿಸಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಹೊರಡಿಸಿದರು. ಪಾರಿಭಾಷಿಕ ಪದಗಳನ್ನೇ ಹೊಸದಾಗಿ ಕಟ್ಟಿಕೊಳ್ಳಬೇಕಾದ ಕಾಲದಲ್ಲಿ ಸುಮಾರು ಎರಡು ವರ್ಷ ನಡೆಸಿ ನಿಲ್ಲಿಸಿದರು. ನಿಂತುಹೋದುದನ್ನು ಸೋಲೆನ್ನಲು ನನಗೆ ಮನಸ್ಸು ಬಾರದು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಬಹುದೆಂಬುದು ಆ ಎರಡು ವರ್ಷಗಳಲ್ಲಿ ಸಿದ್ಧವಾಗಿತ್ತು. ಪುತ್ತೂರಿನಲ್ಲಿ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಕುಳಿತು ೪ ಸಂಪುಟಗಳಲ್ಲಿ ಬರೆದರು, ತಿಂಗಳ ಕರಾರಿಗೆ ಸಿಕ್ಕದ ರೂಪವನ್ನೇ ಆರಿಸಿಕೊಂಡರು. ಅದೇ ಪುತ್ತೂರಿನಿಂದ ೧೯೮೮ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯದು ಮೂರನೆಯ ದಾರಿ. ಸಂಪಾದಕ ಶ್ರೀಪಡ್ರೆಯವರೂ ಅವರ ಸಂಗಡಿಗರೂ ‘ಕೃಷಿಕರ ಕೈಗೆ ಲೇಖನಿ’ ಎಂದು ಭಾರವನ್ನು ಹಲವು ಹೆಗಲಿಗೆ ಹಂಚಿದರು. ಒಬ್ಬನ ಪ್ರಯೋಗ ಮುಗಿಯದ ತಿಂಗಳು ಇನ್ನೊಬ್ಬನದು ಮುಗಿದಿರುತ್ತದೆ. ಅರ್ಚಕನಿಗೆ ಸೂತಕ ಬಂತೆಂದು ದೇವಸ್ಥಾನದ ಪೂಜೆ ನಿಲ್ಲುವುದಿಲ್ಲ. ಬೇರೊಬ್ಬರು ಬಂದು ನಡೆಸುತ್ತಾರೆ. ನಿತ್ಯವೆಂಬುದು ಪೂಜೆಗೆ ಸಂಬಂಧಿಸಿದ್ದು, ಒಬ್ಬನ ಕೈಗಲ್ಲ. ಒಬ್ಬನ ಶಕ್ತಿಗೆ ಮೀರಿದ ವಚನವನ್ನು ಹತ್ತು ಜನರಿಗೆ ಹಂಚುವುದು ವಚನಭಂಗವಲ್ಲ.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ‘ಇನ್ನೂ ಪಕ್ವವಾಗಿಲ್ಲ’ ಎಂಬ ಮಾತನ್ನು ಶ್ರದ್ಧಾವಂತನೂ ಹೇಳುತ್ತಾನೆ, ಸೋಮಾರಿಯೂ ಹೇಳುತ್ತಾನೆ. ಹೊರಗಿನಿಂದ ಇಬ್ಬರೂ ಒಂದೇ. ಇಬ್ಬರನ್ನು ಬೇರ್ಪಡಿಸುವ ಒರೆಗಲ್ಲು ಬರೆಯುವವನ ಟಿಪ್ಪಣಿ ಪುಸ್ತಕದಲ್ಲಿರುತ್ತದೆ. ಆ ತಿಂಗಳು ಆತ ಮರದ ಬುಡಕ್ಕೆ ಹೋಗಿದ್ದನೆ, ಏನನ್ನಾದರೂ ಅಳೆದನೆ ಎಂದು ಅದು ಹೇಳುತ್ತದೆ. ಅಳೆದಿದ್ದರೆ, ಬರೆಯಲು ಏನೂ ಇಲ್ಲವೆಂಬ ಮಾತೇ ಪೂರ್ತಿ ನಿಜವಲ್ಲ. ‘ಇದನ್ನು ಎರಡು ಸಾಲು ಮರಗಳಲ್ಲಿ ನೋಡುತ್ತಿದ್ದೇನೆ; ಒಂದು ಮಳೆಗಾಲವಷ್ಟೇ ಕಳೆದಿದೆ; ಇಷ್ಟರವರೆಗೆ ಕಂಡದ್ದು ಇದು; ಇನ್ನೊಂದು ಮಳೆಗಾಲ ಕಳೆಯುವ ತನಕ ಯಾರೂ ಇದನ್ನು ನಂಬಿ ಹಣ ಹಾಕಬೇಡಿ’ ಎಂದು ಹತ್ತು ಸಾಲು ಬರೆದರೆ ವಾಯಿದೆಯೂ ಉಳಿಯಿತು, ಸತ್ಯವೂ ಉಳಿಯಿತು. ಅಡ್ಡ ಬರುವುದು ಅಭಿಮಾನ ಮಾತ್ರ. ತಿಳಿದವನೆಂದು ಹೆಸರಾದವನಿಗೆ ‘ಇನ್ನೂ ತಿಳಿಯದು’ ಎಂದು ಅಚ್ಚಿನಲ್ಲಿ ಹೇಳುವುದು ಕಠಿಣ. ಆದರೆ ಅಂಥ ಹತ್ತು ಸಾಲಿನಿಂದ ನೆರೆಯವನ ಹಣ ಉಳಿಯಬಹುದು. ತಿರುವಿ ಬರೆದ ನಾಲ್ಕು ಪುಟದಿಂದ ಏನೂ ಉಳಿಯದು.

ಅದೂ ಆಗದ ತಿಂಗಳು ಬರಬಹುದು. ಮನೆಯಲ್ಲಿ ಕಾಯಿಲೆ, ಆಳಿನ ಅಭಾವ, ಮಗಳ ಮದುವೆ. ಆಗ ವಾಯಿದೆ ತಪ್ಪಿದರೆ ಅದನ್ನು ಪಾಪವೆನ್ನುವ ಕಾಠಿಣ್ಯ ನನಗಿಲ್ಲ. ಆದರೆ ತಾರೀಖಿಗೆ ಮೊದಲೇ ತಿಳಿಸುವುದಕ್ಕೂ ತಾರೀಖು ಕಳೆದ ಮೇಲೆ ಕಾರಣ ಹೇಳುವುದಕ್ಕೂ ಅಂತರವಿದೆ. ಮೊದಲೇ ತಿಳಿದವನು ವಿಟ್ಲದ ಸಂಶೋಧನ ಕೇಂದ್ರಕ್ಕೆ ಹೋಗಿ ಕೇಳಿಯಾನು, ನೆರೆಯ ಹಿರಿಯರನ್ನು ಕೇಳಿಯಾನು. ತಿಳಿಯದವನು ಕಾಯುತ್ತ ಕುಳಿತಿರುತ್ತಾನೆ. ಬರೆಯುವವನ ನಿಜವಾದ ಅಪರಾಧವಿದ್ದರೆ ಅದು ಹಾಗೆ ಕಾಯಿಸಿದುದರಲ್ಲಿದೆ.

ನಾನು ಮಿತ್ರರಿಗೆ ಹೇಳಿದ್ದು ಇಷ್ಟೆ: ವರ್ಷದ ಹನ್ನೆರಡು ತಿಂಗಳುಗಳಲ್ಲಿ ನಿಮ್ಮ ಊರಿಗೆ ತಪ್ಪದೆ ಬೇಕಾದ ಲೇಖನಗಳು ಎಷ್ಟೆಂದು ಮೊದಲು ಎಣಿಸಿಕೊಳ್ಳಿ. ಅವರು ಬೆರಳು ಮಡಚಿ ಎಣಿಸಿದರು. ಮದ್ದಿಗೆ ಎರಡು, ನೀರಿಗೆ ಒಂದು, ಗೊಬ್ಬರಕ್ಕೆ ಒಂದು, ಕೊಯ್ಲಿಗೂ ಒಣಗಿಸುವುದಕ್ಕೂ ಒಂದು, ಐದಕ್ಕೆ ನಿಂತಿತು. ಆ ಐದನ್ನು ತಪ್ಪಿಸುವುದಿಲ್ಲವೆಂದೂ ಉಳಿದ ಏಳನ್ನು ಮುಗಿದಾಗ ಕೊಡುವೆನೆಂದೂ ಅವರು ಪತ್ರಿಕೆಗೆ ಕಾಗದ ಬರೆದರು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಮೇ ತಿಂಗಳ ಲೇಖನ ಮಾತ್ರ ಏಪ್ರಿಲಿನಲ್ಲೇ ಹೋಗಿದೆ.