ಕಾಣದಿರುವುದೂ ಇಲ್ಲದಿರುವುದೂ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಾನವೆಂದು ಪ್ರಸಿದ್ಧವಾದುದು. ನನಗಾದರೋ ಆ ಊರಿನ ಹೆಸರು ಕೇಳಿದೊಡನೆ ಮನಸ್ಸು ಹೋಗುವುದು ಕುಡಿಯುವ ನೀರಿನ ಕಡೆಗೆ. ಆ ಊರಿರುವ ಕೋಲಾರ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರುವುದುಂಟು. ಬೇರೆ ಜಲಮೂಲವಿಲ್ಲದ ಕಡೆಯಲ್ಲಿಯೂ ಅದು ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಕೂಡದೆಂಬುದು ಭಾರತೀಯ ಮಾನಕದ ವಿಧಿ.

ಊರ ಸುತ್ತಣ ಎಂಟು ಕೊಳವೆಬಾವಿಗಳ ನೀರನ್ನು ಅಳೆಯಿಸಿ, ಬಂದ ಅಂಕಿಗಳನ್ನು ‘ಆರ್’ ಎಂಬ ತಂತ್ರಾಂಶಕ್ಕೆ ಒಪ್ಪಿಸಿ, ಸರಾಸರಿಯು 1.5ನ್ನು ಮೀರಿದೆಯೇ ಎಂದು ಟಿ-ಪರೀಕ್ಷೆಯ ಮೂಲಕ ಕೇಳಿದೆವೆನ್ನೋಣ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ತಯಾರಿಕಾಲಯದ ನೌಕರನಾಗಿದ್ದ ಗಾಸೆಟ್ ಎಂಬಾತನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ವಿಚಾರದಿಂದ ಬೆಳೆದ ಈ ಲೆಕ್ಕವನ್ನು ಯಂತ್ರವು ಕ್ಷಣಾರ್ಧದಲ್ಲಿ ಮುಗಿಸಿ ಪಿ-ಬೆಲೆಯೊಂದನ್ನು ಮುಂದಿಡುತ್ತದೆ: ಸರಾಸರಿಯು ನಿಜವಾಗಿ 1.5ರಷ್ಟೇ ಇದ್ದ ಪಕ್ಷದಲ್ಲಿ, ಇಷ್ಟು ಅಥವಾ ಇದಕ್ಕೂ ಮಿಗಿಲಾದ ಏರಿಕೆಯು ಕೇವಲ ಆಕಸ್ಮಿಕವಾಗಿ ತೋರುವ ಸಂಭವವೆಷ್ಟೆಂಬುದೇ ಅದರ ಅರ್ಥ. ಅದು ವಾಡಿಕೆಯ ಮಿತಿಯಾದ 0.05ಕ್ಕಿಂತ ದೊಡ್ಡದಾದರೆ ಶೂನ್ಯ ಪ್ರಾಕ್ಕಲ್ಪನೆಯನ್ನು, ಎಂದರೆ ಸರಾಸರಿಯು 1.5ನ್ನು ಮೀರಿಲ್ಲವೆಂಬ ಊಹೆಯನ್ನು, ತಳ್ಳಿಹಾಕಲಾಗದು. ಇಷ್ಟನ್ನೇ ಕೇಳಿ ನಾವು ‘ನೀರು ನಿರ್ದೋಷ’ವೆಂದು ಸಾರಿಬಿಡುತ್ತೇವೆ.

ಈ ಆತುರವನ್ನು ನಮ್ಮ ಮೀಮಾಂಸಕರು ಬಹು ಹಿಂದೆಯೇ ತಡೆದಿದ್ದರು. ಕುಮಾರಿಲಭಟ್ಟರ ಪಂಥದವರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಸ್ವತಂತ್ರ ಪ್ರಮಾಣವೆಂದೇ ಎಣಿಸಿದರು. ಆದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು, ಇದ್ದಿದ್ದರೆ ಕಂಡೇ ಕಾಣುತ್ತಿತ್ತೆಂಬ ಸ್ಥಿತಿಯಲ್ಲಿ ಕಾಣದಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲ ಕೋಣೆಯಲ್ಲಿ ಕಾಣದಿದ್ದರೆ ತಿಳಿದದ್ದು ಕತ್ತಲೆಯೊಂದೇ. ಎಂಟೇ ಮಾದರಿಗಳು, ಅವುಗಳಲ್ಲಿ ವಿಪರೀತ ಏರಿಳಿತ: ಇಂತಹ ಪರೀಕ್ಷೆಯು ಕತ್ತಲ ಕೋಣೆಯೇ ಸರಿ. ಸಂಖ್ಯಾಶಾಸ್ತ್ರಜ್ಞರು ಪರೀಕ್ಷೆಯ ಸಾಮರ್ಥ್ಯವೆಂದು ಕರೆಯುವುದು ಈ ಯೋಗ್ಯತೆಯನ್ನೇ ಎಂದು ನಾನು ನಂಬಿದ್ದೇನೆ.

ಯೋಗ್ಯವಾದ ಶೂನ್ಯಕ್ಕೆ ನಿದರ್ಶನವು ನೆರೆಯಲ್ಲಿಯೇ ಇದೆ. ಕೋಲಾರದ ಚಿನ್ನದ ಗಣಿಯ ಅತ್ಯಂತ ಆಳದಲ್ಲಿ, 1960ರ ದಶಕದ ಆರಂಭದಲ್ಲಿ, ವಿಜ್ಞಾನಿಗಳು ಇಟ್ಟ ಮಾಪಕಗಳಿಗೆ ವಾತಾವರಣದಿಂದಿಳಿದ ಒಂದು ಮ್ಯೂಆನ್ ಕಣವೂ ಗೋಚರಿಸಲಿಲ್ಲ. ಕಣವು ಬಂದಿದ್ದರೆ ತಪ್ಪದೆ ಹಿಡಿಯಬಲ್ಲ ಮಾಪಕಗಳಾದುದರಿಂದ ಆ ಶೂನ್ಯವೇ ಜ್ಞಾನವಾಯಿತು. ಆಳದಲ್ಲಿ ಮ್ಯೂಆನ್‌ಗಳ ಅಡ್ಡಿಯಿರದೆಂಬ ಆ ಜ್ಞಾನವನ್ನು ನಂಬಿ ಅದೇ ಗಣಿಯಲ್ಲಿ ಮುಂದುವರಿದ ಅನ್ವೇಷಣೆಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಕುರುಹು ದೊರೆಯಿತು.

ಸರಾಸರಿಯನ್ನು ಯಾವ ಮಗುವೂ ಕುಡಿಯುವುದಿಲ್ಲ, ತನ್ನ ಮನೆಯ ಬಳಿಯ ಬಾವಿಯ ನೀರನ್ನೇ ಕುಡಿಯುತ್ತದೆ. ಆ ಮಾತು ಹಾಗಿರಲಿ. ಸಂಶಯದ ಭಾರವನ್ನು ಯಾರು ಹೊರಬೇಕೆಂಬುದು ಗಣಿತ ನಿರ್ಣಯಿಸುವ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ನೀರನ್ನು ಮೊದಲು ಸದೋಷವೆಂದೇ ಭಾವಿಸಿ, ನಿರ್ದೋಷವೆಂದು ಸಾಧಿಸುವ ಹೊಣೆಯನ್ನು ಅಳೆಯುವವನ ಮೇಲೆಯೇ ಹೊರಿಸಬೇಕೆಂಬುದು ನನ್ನ ನಿಲುವು. ತಂತ್ರಾಂಶದಲ್ಲಿ ಇದಕ್ಕೆ ಬೇಕಾದುದು ಇಷ್ಟೇ: ಸಾಧಿಸಬೇಕಾದುದನ್ನು ಸೂಚಿಸುವೆಡೆಯಲ್ಲಿ ‘ಗ್ರೇಟರ್’ (ಮೀರಿದೆ) ಎಂಬುದರ ಬದಲು ‘ಲೆಸ್’ (ಕಡಿಮೆಯಿದೆ) ಎಂದು ಬರೆಯುವುದು.