ರಾಜದಂಡವೂ ಆಯ್ದಕ್ಕಿಯೂ

ಅನುಭಾವಗೋಷ್ಠಿಯಲ್ಲಿ ಸದ್ಭಕ್ತರೊಬ್ಬರು ಕೇಳಿದರು: “ಶಾಸ್ತ್ರಿಗಳೇ, ಅಮಾಯಕರನ್ನು ಕೊಲ್ಲುವ ಭಯೋತ್ಪಾದಕರಿಗೆ ವಕೀಲರೇಕೆ, ವಿಚಾರಣೆಯೇಕೆ? ಹಿಡಿದವರನ್ನು ಸೆರೆಯಲ್ಲಿಯೇ ಇರಿಸಿದರೆ ದೇಶವು ನೆಮ್ಮದಿಯಿಂದ ಇರುವುದಿಲ್ಲವೇ?”

ಪ್ರಶ್ನೆಯು ಹಗುರವಾದುದಲ್ಲ. 2008ರ ನವೆಂಬರ್ ತಿಂಗಳಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಗಂಟುಮೂಟೆಗಳೊಡನೆ ಕುಳಿತಿದ್ದ ಜನರ ಮೇಲೆ ಗುಂಡಿನ ಮಳೆ ಸುರಿಯಿತು. ಆ ದಾಳಿಯಲ್ಲಿ ನಗರದಾದ್ಯಂತ 166 ಜನರು ಮಡಿದರು. ಇಂತಹುದನ್ನು ತಡೆಯಲು ಯತ್ನಿಸದ ಅರಸುತನವು ಅರಸುತನವೇ ಅಲ್ಲ. ಶರಣರು ರಾಜ್ಯವನ್ನು ತೊರೆದು ಅಡವಿಯನ್ನು ಸೇರಿದವರಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನೇ ನಡೆಸಿದವರು. ಆದುದರಿಂದ ದಂಡವು ಬೇಕೋ ಬೇಡವೋ ಎಂಬುದು ವಿಚಾರವಲ್ಲ. ಎಷ್ಟು ಬೇಕು ಎಂಬುದೇ ವಿಚಾರ.

ಈ ‘ಎಷ್ಟು’ ಎಂಬುದನ್ನು ನಮಗೆ ಕಲಿಸಿದಾಕೆ ಆಯ್ದಕ್ಕಿ ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ತಂದನು. ಕದ್ದುದಲ್ಲ, ಬೇಡಿದುದಲ್ಲ; ಉದ್ದೇಶವೂ ದಾಸೋಹವೇ. ಆದರೂ ಆ ತಾಯಿಯು ಒಪ್ಪಲಿಲ್ಲ. ಅಂದಂದಿನ ಅಗತ್ಯಕ್ಕೆ ಮೀರಿದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಸದುದ್ದೇಶವು ಹೆಚ್ಚಳವನ್ನು ಶುದ್ಧಗೊಳಿಸದು ಎಂಬುದನ್ನು ಅರಿತ ಗೃಹಿಣಿಯಾಕೆ.

ಭಯದ ಕಾಲದಲ್ಲಿ ರಾಜ್ಯವು ಕೈಗೆತ್ತಿಕೊಳ್ಳುವ ಅಧಿಕಾರವೂ ಇಂತಹ ಅಕ್ಕಿಯೇ. ಪರಕೀಯರಾದ ಆಂಗ್ಲರು 1872ರಲ್ಲಿ ರಚಿಸಿದ ಸಾಕ್ಷ್ಯ ಶಾಸನವು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಪ್ರಮಾಣವೆಂದು ಒಪ್ಪಿರಲಿಲ್ಲ. ಲಾಠಿಯ ಮುಂದೆ ನಾಲಗೆಯು ಏನನ್ನಾದರೂ ನುಡಿದೀತೆಂಬುದು ಅವರಿಗೂ ತಿಳಿದಿತ್ತು! ಸ್ವತಂತ್ರ ಭಾರತದ ‘ಟಾಡಾ’, ‘ಪೋಟಾ’ ಶಾಸನಗಳು ಅದನ್ನು ಒಪ್ಪಿದವು.

ಅದರ ಫಲವನ್ನು ನೋಡಿರಿ. 2002ರ ಸೆಪ್ಟೆಂಬರ್ 24ರಂದು ಗಾಂಧೀನಗರದ ಅಕ್ಷರಧಾಮ ದೇವಾಲಯಕ್ಕೆ ಇಬ್ಬರು ಬಂದೂಕುಧಾರಿಗಳು ನುಗ್ಗಿ ಮೂವತ್ತಕ್ಕೂ ಹೆಚ್ಚು ಜನರನ್ನು ಕೊಂದರು. ದೇವರ ಸನ್ನಿಧಿಯಲ್ಲಿ ಮಕ್ಕಳು ಮಹಿಳೆಯರು ಬಿದ್ದರೆಂಬುದನ್ನು ಕೇಳಿ ಯಾವ ಭಕ್ತನ ರಕ್ತ ಕುದಿಯದು? ಕೊಂದವರಿಬ್ಬರೂ ಅಲ್ಲಿಯೇ ಹತರಾದರು. ಒಳಸಂಚು ಹೂಡಿದರೆಂದು ಬಳಿಕ ಹಿಡಿಯಲ್ಪಟ್ಟ ಆರು ಜನರಿಗೆ ಪೋಟಾ ನ್ಯಾಯಾಲಯವು ಶಿಕ್ಷೆ ವಿಧಿಸಿತು, ಮೂವರಿಗೆ ಮರಣದಂಡನೆ. 2014ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯವು ಆ ತಪ್ಪೊಪ್ಪಿಗೆಗಳು ನಂಬತಕ್ಕವಲ್ಲವೆಂದು ಕಂಡು ಆರು ಮಂದಿಯನ್ನೂ ಬಿಡುಗಡೆ ಮಾಡಿತು. ಆ ಪೀಠದಲ್ಲಿ ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ವಿ. ಗೋಪಾಲಗೌಡರೂ ಇದ್ದರು. ಅಷ್ಟರಲ್ಲಿ ಹತ್ತು ವರ್ಷಗಳು ಸಂದಿದ್ದವು.

ನಮ್ಮ ಭಕ್ತರ ಮಾತಿನಲ್ಲಿರುವ ಎಡವು ಇಲ್ಲಿಯೇ. ‘ಹಿಡಿದವರು’ ಎಂಬುದನ್ನು ಅವರು ‘ಮಾಡಿದವರು’ ಎಂದೇ ಎಣಿಸಿದ್ದಾರೆ. ವಿಚಾರಣೆ ಇರುವುದು ಈ ಎರಡು ಮಾತುಗಳ ನಡುವಣ ಅಂತರವನ್ನು ಅಳೆಯುವುದಕ್ಕೆ. ಮುಂಬಯಿಯಲ್ಲಿ ಜೀವಸಹಿತ ಸೆರೆಸಿಕ್ಕ ಹಂತಕನಿಗೂ ವಕೀಲರನ್ನು ಕೊಟ್ಟು, ಮೂರು ನ್ಯಾಯಾಲಯಗಳಲ್ಲಿ ವಿಚಾರಿಸಿ, 2012ರಲ್ಲಿ ಗಲ್ಲಿಗೇರಿಸಲಾಯಿತು. ಅದರಿಂದ ದೇಶವೇನೂ ದುರ್ಬಲವಾಗಲಿಲ್ಲ.

‘ಕೋಟಿ ಜನರ ರಕ್ಷಣೆಗಾಗಿ ಆರು ಜನರು ನೊಂದರೆ ನೋಯಲಿ’ ಎನ್ನುವವರೂ ಉಂಟು. ನಮ್ಮ ಮನೆಯ ದಾಸೋಹಕ್ಕೆ ಪರರ ದುಡಿಮೆಯನ್ನು ಕಸಿದು ತಂದ ಧಾನ್ಯ ಸಲ್ಲದೆನ್ನುವ ನಾವು, ನಿರಪರಾಧಿಯ ಹತ್ತು ವರ್ಷಗಳನ್ನು ಕಸಿದು ತಂದ ನಿದ್ದೆಯನ್ನು ಪ್ರಸಾದವೆಂದು ಹೇಗೆ ಸ್ವೀಕರಿಸೋಣ? ಅದೂ ಅಲ್ಲದೆ ತಪ್ಪಿತಸ್ಥನ ಸ್ಥಾನದಲ್ಲಿ ಮತ್ತೊಬ್ಬನು ಸೆರೆಯಲ್ಲಿರುವಾಗ ನಿಜವಾದ ಸಂಚುಗಾರನು ಹೊರಗೆ ತಿರುಗುತ್ತಿರುತ್ತಾನೆ. ರಕ್ಷಣೆಯೂ ಅರ್ಧವೇ ಆಯಿತು.

ತಂದ ಅಕ್ಕಿಯನ್ನು ನಾವು ಹಿಂದಿರುಗಿಸಲೇ ಇಲ್ಲವೆಂದಲ್ಲ. ಟಾಡಾ 1995ರಲ್ಲಿ ಕೊನೆಗೊಂಡಿತು, ಪೋಟಾ 2004ರಲ್ಲಿ ರದ್ದಾಯಿತು. ಆದರೆ ಅದೇ ವರ್ಷ ಪೋಟಾದ ಹಲವು ವಿಧಿಗಳನ್ನು 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ ಸೇರಿಸಲಾಯಿತು. ಮುಂಬಯಿ ದಾಳಿಯ ಬೆನ್ನಿಗೆ ಇನ್ನಷ್ಟು ಸೇರಿದವು: ಸಾಮಾನ್ಯ ಕಾನೂನಿನಲ್ಲಿ ಆರೋಪಪಟ್ಟಿಯಿಲ್ಲದೆ 90 ದಿನ ಮೀರಿ ಸೆರೆಯಲ್ಲಿರಿಸುವಂತಿಲ್ಲ, ಇಲ್ಲಿ 180 ದಿನಗಳವರೆಗೆ ಅವಕಾಶವುಂಟು; ಆಪಾದನೆಯು ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಜಾಮೀನಿಲ್ಲ. ಪೊಲೀಸರ ಮುಂದಣ ತಪ್ಪೊಪ್ಪಿಗೆಯ ವಿಧಿಯನ್ನು ಮಾತ್ರ ಸೇರಿಸಲಿಲ್ಲ. ಅಷ್ಟೊಂದು ಹಿಡಿ ಅಂಗಳಕ್ಕೆ ಮರಳಿತು. ಉಳಿದುದು ಇನ್ನೂ ಮಾರಯ್ಯನ ಚೀಲದಲ್ಲಿಯೇ ಇದೆ.